ಹಳೇ ಕಾರಿಗೆ ಘಾಟಿ ಹತ್ತೋ ಶಕ್ತಿ: ಹೊಸ ಸೈಲೆನ್ಸರಾ, ಒಳ್ಳೇ ಟ್ಯೂನಿಂಗಾ?

ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ನಿಮ್ಮ ಮಾರುತಿ 800 ಆಗುಂಬೆ ಘಾಟಿಯಲ್ಲಿ ಏದುಸಿರು ಬಿಡುತ್ತಿದೆಯಾ? ಆ 796 ಸಿಸಿ ಎಂಜಿನ್‌ಗೆ ಫ್ರೀ-ಫ್ಲೋ, ಅಂದರೆ ಹೊಗೆಯನ್ನು ಸಲೀಸಾಗಿ ಹೊರಬಿಡುವ ಸೈಲೆನ್ಸರ್ ಹಾಕಿದರೆ ಸದ್ದು ಜಾಸ್ತಿಯಾಗುತ್ತದೆ, ಎಳೆತ ಅಷ್ಟೇನೂ ಏರುವುದಿಲ್ಲ. ದಂಡದ ಭಯ ಬೇರೆ. ಡಬ್ಬಿಯಿಲ್ಲದ ಓಪನ್ ಏರ್ ಫಿಲ್ಟರ್ ಹಾಕಿದರೆ ಅದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ನಾನಾದರೆ ಟ್ಯೂನಿಂಗ್‌ಗೇ ದುಡ್ಡು ಹಾಕುತ್ತೇನೆ. ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಯಲ್ಲಿ ಒಣ ಮಸಿ ಕೂತಿದ್ದರೆ ಸಾಮಾನ್ಯವಾಗಿ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ತಿಳಿ ಕಂದು ಬಣ್ಣವಿದ್ದರೆ ಸರಿ. ಪ್ಲಗ್, ಫಿಲ್ಟರ್ ಬದಲಿಸಿ, ಕಾರ್ಬುರೇಟರ್ ತೊಳೆಸಿ, ಟೈಮಿಂಗ್ (ಕಿಡಿ ಹಾರುವ ಸಮಯ), ಟ್ಯಾಪೆಟ್ (ವಾಲ್ವ್‌ಗಳ ಸಂದು) ಹೊಂದಿಸಿ. ನಮ್ಮ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗದ ಮುಚ್ಚಳ) ಸಣ್ಣ ಬಿರುಕಿಗೂ ತೇವ ನುಗ್ಗಿ ಎಂಜಿನ್ ಮಿಸ್ ಹೊಡೆಯುತ್ತದೆ, ಅದನ್ನೂ ನೋಡಿಸಿ.

ಇದಕ್ಕೆಲ್ಲ ಮುಂಚೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ) ಚೆಕ್ ಮಾಡಿಸಿ. ಅದೇ ಬಿದ್ದುಹೋಗಿದ್ದರೆ ಯಾವ ಸೈಲೆನ್ಸರ್ ಹಾಕಿದರೂ ಸುಮ್ನೆ ಖರ್ಚು.