ಹಳೆಯ ಪೆಟ್ರೋಲ್ ಕಾರು: ಎಂಜಿನ್ ಕಾಡಲಿಲ್ಲ, ರಬ್ಬರ್ ಕಾಡಿತು

ಕೋಲಾರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾಗಿಲು ತೆಗೆಯುವ ಮೊದಲೇ ‘ಎಷ್ಟು ಓಡಿದೆ?’ ಎಂದು ಕೇಳುತ್ತಾರೆ. ಇಂಥದೊಂದು ಕಾರನ್ನು ವರ್ಷಗಟ್ಟಲೆ ಸಾಕಿದ ಮೇಲೆ ಹೇಳುತ್ತೇನೆ, ಗಾಡಿ ಯಾವ ಇಸವಿಯದು, ಇಷ್ಟು ದಿನ ಎಲ್ಲಿ ನಿಂತಿತ್ತು ಎಂದು ಮೊದಲು ಕೇಳಬೇಕು.

ನಮ್ಮದು 2012ರ ಹ್ಯಾಚ್‌ಬ್ಯಾಕ್. 998 ಸಿಸಿ, ಮೂರು ಸಿಲಿಂಡರ್. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಷ್ಟು ವಯಸ್ಸಾದ ಕಾರಿನ ಯೋಗ್ಯತೆ ಹಿಂದಿನ ಮಾಲೀಕರ ಅಭ್ಯಾಸದಲ್ಲಿರುತ್ತದೆಯೇ ಹೊರತು ಬಾನೆಟ್ ಮೇಲಿನ ಲಾಂಛನದಲ್ಲಲ್ಲ. ನಮಗಿಂತ ಮುಂಚೆ ಇಟ್ಟುಕೊಂಡಿದ್ದವರು ನಿವೃತ್ತರು. ಹಬ್ಬಕ್ಕೋ ಆಸ್ಪತ್ರೆಗೋ ಮಾತ್ರ ಗಾಡಿ ತೆಗೆಯುತ್ತಿದ್ದರಂತೆ. ಮೀಟರ್ ನೋಡಿದವರೆಲ್ಲ ಹೊಸದರಂತೆ ಇದೆ ಎಂದು ಹೊಗಳಿದರು. ಆದರೆ ಬಿಸಿಲಿನಲ್ಲಿ ನಿಂತ ಗಾಡಿಯ ರಬ್ಬರ್, ಓಡಿದರೂ ಓಡದಿದ್ದರೂ ಒಣಗಿ ಬಿರಿಯುತ್ತದೆ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಹೇಳಿಸಿಕೊಳ್ಳುವಂಥದ್ದೇನನ್ನೂ ಮಾಡಿಲ್ಲ. ಎಂಜಿನ್ ಒಳಗಿನ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಲು ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕೆಂಬ ದೊಡ್ಡ ಖರ್ಚಿಲ್ಲ. ವರ್ಷಕ್ಕೊಮ್ಮೆ ಮೂರು ಲೀಟರ್ ಚಿಲ್ಲರೆ ಆಯಿಲ್, ಫಿಲ್ಟರ್, ಯಾವಾಗಲೋ ಒಮ್ಮೆ ಸ್ಪಾರ್ಕ್ ಪ್ಲಗ್. ನಿಂತಾಗ ಸ್ಟೀರಿಂಗ್ ತುಸು ನಡುಗುತ್ತದೆ. ಮೂರು ಸಿಲಿಂಡರ್ ಎಂದರೆ ಅಷ್ಟು ಇದ್ದದ್ದೇ.

ಹಣ ಹೋದದ್ದು ಕೆಳಗಡೆ. ಮುಂಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸ್ ಎರಚಿದಂತಿತ್ತು. ಮೇಸ್ತ್ರಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿದರು. ಒಳಗೆ ಉದ್ದಕ್ಕೂ ಸೀಳು. ‘ನೋಡಿ ಸರ್, ಈಗ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಮಣ್ಣು ಹೋಗಿ ಜಾಯಿಂಟ್ ಕಟಕಟ ಅನ್ನಲು ಶುರುವಾದರೆ ಸಾವಿರದ ಲೆಕ್ಕ’ ಎಂದರು. ಅದೇ ಸರದಿಯಲ್ಲಿ ಚಕ್ರದ, ಎಂಜಿನ್ನಿನ ಅದುರು ತಡೆಯುವ ರಬ್ಬರ್ ಭಾಗಗಳಾದ ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್, ಎಂಜಿನ್ ಮೌಂಟ್, ಒಂದೆರಡು ಹೋಸ್ ಪೈಪು ಬಂದವು. ಒಂದೊಂದಾಗಿ ನೋಡಿದರೆ ಸಣ್ಣ ಮೊತ್ತ. ಆದರೆ ಕೊಂಡ ಮೊದಲ ವರ್ಷವೇ ಎಲ್ಲವೂ ಕೈಚಾಚುತ್ತವೆ. ಚೌಕಾಸಿಯಲ್ಲಿ ಗೆದ್ದ ಹಣವನ್ನು ಖರ್ಚು ಮಾಡದೆ ಇದಕ್ಕೆಂದೇ ಎತ್ತಿಡುವುದು ಒಳ್ಳೆಯದು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ನೆಂಟರು ಹಿಂದಿನ ಸೀಟಿಗೂ ಪೆಟ್ಟಿಗೆ ಏರಿಸಿ ಕಳುಹಿಸುತ್ತಾರೆ. ಆ ಪ್ರೀತಿಯ ಭಾರವನ್ನು ಹೊರುವವು ಹಿಂದಿನ ಸ್ಪ್ರಿಂಗುಗಳು.

ನಮ್ಮ ಜಿಲ್ಲೆಯದೇ ಆದ ಇನ್ನೊಂದು ಕಾಟ ನೀರಿನದು. ಆಳದ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಗೀಸರ್ ಬಿಚ್ಚಿ ನೋಡಿದರೆ ಸಾಕು. ಅದೇ ನೀರನ್ನು ಹಿಂದೆ ಯಾರೋ ರೇಡಿಯೇಟರಿಗೂ ಸುರಿಯುತ್ತಾ ಬಂದಿದ್ದರು. ಒಂದು ಮಧ್ಯಾಹ್ನ ಎ.ಸಿ. ಹಾಕಿಕೊಂಡು ಮುಳಬಾಗಿಲು ಕಡೆಯಿಂದ ಬರುವಾಗ ತಾಪಮಾನದ ಕೆಂಪು ದೀಪ ಹತ್ತಿತು. ತಣ್ಣಗಾದ ಮೇಲೆ ಬಿಚ್ಚಿಸಿದರೆ ತುಕ್ಕಿನ ಬಣ್ಣದ ನೀರು, ಅದರಲ್ಲಿ ಸುಣ್ಣದ ಬಿಳಿ ಚಕ್ಕೆಗಳು. ರೇಡಿಯೇಟರ್ ತೊಳೆಸಿ, ಅದಕ್ಕೆ ಹರಿಯುವ ನೀರನ್ನು ಬಿಸಿ ನೋಡಿ ಬಿಡುವ ಥರ್ಮೋಸ್ಟಾಟ್ ಬದಲಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿಸಿದ ಮೇಲೆ ಆ ದೀಪ ಮತ್ತೆ ಕಾಣಿಸಿಕೊಂಡಿಲ್ಲ. ಕೋಲಾರ ಸೀಮೆಯಲ್ಲಿ ಹಳೆಯ ಕಾರು ಕೊಳ್ಳುವವರು ಎಂಜಿನ್ ಆರಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗಿನ ಬಣ್ಣ ನೋಡಲಿ. ಹಸಿರೋ ಕೆಂಪೋ ನೀಲಿಯೋ ಇದ್ದರೆ ಸರಿ. ಚಹಾದ ಬಣ್ಣವಿದ್ದರೆ ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ.

ಮೈಲೇಜ್ ಹೆದ್ದಾರಿಯಲ್ಲಿ ಹದಿನೆಂಟರ ಆಸುಪಾಸು, ಊರೊಳಗೆ ಹದಿನಾಲ್ಕು ದಾಟಿದರೆ ಹೆಚ್ಚು. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ತುಸು ಇಳಿದಿದೆ. ಇಂಥ ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥೆನಾಲ್‌ಗೆ ಹೇಳಿಮಾಡಿಸದ ಹಳೆಯ ರಬ್ಬರ್ ಸೀಲುಗಳ ಚಿಂತೆಯೂ ಇದೆ. ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಪೆಟ್ರೋಲ್ ಪೈಪುಗಳನ್ನು ನೋಡಿಸುತ್ತೇನೆ. ಮತ್ತೆ ರಬ್ಬರೇ!

ವಿಮೆಯ ವಿಷಯದಲ್ಲಿ ಸಣ್ಣ ಎಂಜಿನ್ ಲಾಭ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ) ದರದಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಅದಕ್ಕಿಂತ ಮೇಲೆ 1500 ಸಿಸಿವರೆಗೆ 3,416 ರೂಪಾಯಿ, ತೆರಿಗೆ ಬೇರೆ. ನಮ್ಮ ಕಾರಿನ ಹಾನಿಯನ್ನೂ ಭರಿಸುವ ಪೂರ್ಣ ವಿಮೆಯನ್ನು ನಾನು ಕೈಬಿಟ್ಟಿದ್ದೇನೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತ. ಕಾರಿಗೆ ಹತ್ತು ವರ್ಷ ದಾಟಿದರೆ ಲೋಹದ ಭಾಗಗಳಿಗೂ ಅಷ್ಟೇ. ಸವೆತಕ್ಕಂತೂ ಒಂದು ಕಾಸೂ ಬರುವುದಿಲ್ಲ. ಕಂತು ಕಟ್ಟುವ ಬದಲು ಅದೇ ಹಣವನ್ನು ಮೇಸ್ತ್ರಿಗೆ ಕೊಡುವುದು ನನಗೆ ಸರಿಕಂಡಿದೆ. ಮಾಲೀಕ-ಚಾಲಕರ ಅಪಘಾತ ವಿಮೆಯನ್ನು ಮಾತ್ರ ಬಿಟ್ಟಿಲ್ಲ.

ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಸಾಕು ಎಂದು ಮಾರುವವರು ಹೇಳುತ್ತಾರೆ. ಆರ್‌ಸಿಯಲ್ಲಿ ಹಳೆಯ ಸಾಲದ ನಮೂದು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರವೂ ಬೇಕು. ಸಾಲ ತೀರಿದ್ದರೂ ನಮೂದು ತೆಗೆಸದವರು ಬಹಳ. ಮುಂಗಡ ಕೊಡುವ ಮುನ್ನವೇ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿ, ಬಾಕಿ ದಂಡವನ್ನೂ ನೋಡಿಕೊಳ್ಳಿ.

2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಐದು ಸಾವಿರ ಕಟ್ಟಿ ಇನ್ನೈದು ವರ್ಷ ಓಡಿಸುವುದೆಂದು ತೀರ್ಮಾನಿಸಿದ್ದೇನೆ. ಅದಕ್ಕೂ ಮುಂಚೆ ಟೈರ್ ಬದಲಿಸಬೇಕು. ಅವುಗಳ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿವೆ, ಆದರೆ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯ ಕೊನೆಯ ಎರಡು 19, ಅಂದರೆ 2019ರ ತಯಾರಿ. ಮಾಲೂರಿನ ಬಳಿ ಚೆನ್ನೈ ಎಕ್ಸ್‌ಪ್ರೆಸ್‌ವೇ ಹತ್ತಿ ಬೇಸಿಗೆಯ ಮಧ್ಯಾಹ್ನ ನೂರರ ವೇಗದಲ್ಲಿ ಹೋಗುವ ಟೈರುಗಳಲ್ಲ ಅವು.