ಲೀಜನ್ 5 ಪ್ರೋ ನಾಲ್ಕು ವರ್ಷದ ಮೇಲೆ: ಮೊದಲು ಸ್ಕ್ರೀನ್, ಪ್ರೊಸೆಸರ್ ಕೊನೆಗೆ

ಲೆನೊವೊ ಲೀಜನ್ 5 ಪ್ರೋ ಗೇಮಿಂಗ್ ಲ್ಯಾಪ್‌ಟಾಪ್, 2021ರ ಮಾಡೆಲ್. ಒಳಗಿರುವುದು ಎಎಂಡಿ ರೈಜನ್ 7 5800ಎಚ್ ಪ್ರೊಸೆಸರ್ ಮತ್ತು ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್, ಅಂದರೆ ಆಟದ ಚಿತ್ರ ತಯಾರಿಸುವ ಚಿಪ್. ಸ್ಕ್ರೀನ್ 16 ಇಂಚಿನದು, 2560×1600 ರೆಸಲ್ಯೂಷನ್, 165 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗುತ್ತದೆ). ಬಿಡುಗಡೆಯಾದ ವರ್ಷವೇ ತಗೊಂಡೆ. ಅಂದಿನಿಂದ ನನಗಿರುವುದು ಇದೊಂದೇ ಕಂಪ್ಯೂಟರ್. ಹಗಲು ಕೋಡಿಂಗ್, ಆಗಾಗ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರಿಂಗ್, ರಾತ್ರಿ ಊಟವಾದ ಮೇಲೆ ಆಟ. ಊರು ಕಲಬುರಗಿ. ಊರಿನ ಹೆಸರು ಯಾಕೆ ಹೇಳಿದೆನೆಂದರೆ, ಇಲ್ಲಿಯ ಬೇಸಿಗೆಗೂ ಪ್ರೊಸೆಸರ್ ಆಯ್ಕೆಗೂ ನೇರ ಸಂಬಂಧವಿದೆ.

ಅಂಗಡಿಗೆ ಹೋದರೆ ಮಾತು ಶುರುವಾಗುವುದೇ ಪ್ರೊಸೆಸರಿನಿಂದ. "ಇದ್ರಾಗ ಐ9 ಅದರಿ ಸರ್, ಇದನ್ನೇ ತಗೋರಿ" ಅನ್ನುತ್ತಾರೆ. ಸ್ಕ್ರೀನಿನ ಬಗ್ಗೆ ಕೇಳಿದರೆ "ಫುಲ್ ಎಚ್‌ಡಿ, 144 ಹರ್ಟ್ಜ್" ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗಾಮುರುಗಾ. ಮೊದಲು ಸ್ಕ್ರೀನ್ ಆರಿಸಿ. ಆಮೇಲೆ ಆ ಸ್ಕ್ರೀನನ್ನು ತುಂಬಿಸಬಲ್ಲ ಗ್ರಾಫಿಕ್ಸ್ ನೋಡಿ. ಉಳಿದ ದುಡ್ಡಿನಲ್ಲಿ ಪ್ರೊಸೆಸರ್. ರ್‍ಯಾಮ್, ಎಸ್‌ಎಸ್‌ಡಿಗಳನ್ನು ಬಹುತೇಕ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಆಮೇಲೂ ಬದಲಿಸಬಹುದು. ಸ್ಕ್ರೀನ್ ಹಾಗಲ್ಲ, ಬಂದದ್ದು ಕೊನೆಯವರೆಗೂ ಕಣ್ಣೆದುರು ಇರುತ್ತದೆ.

ಈ ಸ್ಕ್ರೀನಿನಲ್ಲಿ ನನಗೆ ದಿನವೂ ಉಪಯೋಗಕ್ಕೆ ಬಂದದ್ದು 165 ಹರ್ಟ್ಜ್‌ಗಿಂತ ಹೆಚ್ಚಾಗಿ ಅದರ ಬಣ್ಣ, ಬೆಳಕು ಮತ್ತು ಎತ್ತರ. ಬಣ್ಣದ ವ್ಯಾಪ್ತಿ 100 ಪ್ರತಿಶತ ಎಸ್‌ಆರ್‌ಜಿಬಿ (ಸ್ಕ್ರೀನಿನ ಬಣ್ಣಗಳಿಗೆ ಇರುವ ಸಾಮಾನ್ಯ ಮಾನದಂಡ), ಬೆಳಕು 500 ನಿಟ್ಸ್, ಅಗಲ-ಎತ್ತರದ ಅನುಪಾತ 16:10. ಕಿಟಕಿಯ ಪಕ್ಕ ಕೂತರೂ ಅಕ್ಷರ ಮಂಕಾಗುವುದಿಲ್ಲ. ಕನ್ನಡ ಓದುವವರಿಗೆ ಇನ್ನೊಂದು ಲಾಭವಿದೆ. ಇಲ್ಲಿ ಒಂದು ಇಂಚಿಗೆ ಸುಮಾರು 189 ಪಿಕ್ಸೆಲ್‌ಗಳು, 15.6 ಇಂಚಿನ ಫುಲ್ ಎಚ್‌ಡಿಯಲ್ಲಾದರೆ ಸುಮಾರು 141. ಸಣ್ಣ ಗಾತ್ರದ ಕನ್ನಡ ಫಾಂಟಿನಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವುದು ಈ ವ್ಯತ್ಯಾಸದಿಂದ. ದಿನವಿಡೀ ಓದುವ ಕಣ್ಣಿಗೆ ಇದು ಸಣ್ಣ ವಿಷಯವಲ್ಲ.

ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ "45% ಎನ್‌ಟಿಎಸ್‌ಸಿ" (ಬಣ್ಣದ ವ್ಯಾಪ್ತಿಯ ಇನ್ನೊಂದು ಅಳತೆ) ಎಂಬ ಸಾಲು ಕಂಡರೆ ದಯವಿಟ್ಟು ಅಲ್ಲೇ ನಿಲ್ಲಿ. ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಅದು ಮೂರರಲ್ಲಿ ಎರಡು ಪಾಲಿನಷ್ಟೂ ಆಗುವುದಿಲ್ಲ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ಹಸಿರು ಬಾಡಿದಂತೆ ಕಾಣುತ್ತದೆ. ಇಂಥ ಪ್ಯಾನೆಲ್‌ಗಳ ಬೆಳಕು ಸಾಮಾನ್ಯವಾಗಿ 250 ನಿಟ್ಸ್ ಮಾತ್ರ. ನನ್ನ ಗೆಳೆಯನೊಬ್ಬನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ನನ್ನದೇ, ಪ್ರೊಸೆಸರ್ ನನ್ನದಕ್ಕಿಂತ ಮೇಲಿನದು, ಆದರೆ ಸ್ಕ್ರೀನ್ ಈ ಜಾತಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಆಟ ಹಾಕಿದರೆ, ಫ್ರೇಮ್ ಎಣಿಕೆಯಲ್ಲಿ, ಅಂದರೆ ಸೆಕೆಂಡಿಗೆ ತಯಾರಾಗುವ ಚಿತ್ರಗಳಲ್ಲಿ, ಅವನದು ಹಿಂದೆ ಬೀಳುವುದಿಲ್ಲ. ಆದರೂ ನೋಡುವವರೆಲ್ಲ ಬಂದು ಕೂರುವುದು ನನ್ನದರ ಮುಂದೆ. 72% ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿಗೆ ಸಮ, ಧೈರ್ಯವಾಗಿ ಮುಂದುವರಿಯಬಹುದು.

ರೆಫ್ರೆಶ್ ರೇಟಿನ, ಅಂದರೆ ಹರ್ಟ್ಜ್‌ನ ಲೆಕ್ಕ ಸರಳ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 165ರಲ್ಲಿ ಸುಮಾರು 6.1. 60ರಿಂದ 144ಕ್ಕೆ ಬಂದಾಗ ಸುಮಾರು ಹತ್ತು ಮಿಲಿಸೆಕೆಂಡ್ ಉಳಿಯುತ್ತದೆ, ಮೌಸ್ ಅಲ್ಲಾಡಿಸಿದ ಕೂಡಲೇ ಕೈಗೆ ಗೊತ್ತಾಗುತ್ತದೆ. 144ರಿಂದ 165ಕ್ಕೆ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಹಾಗಾಗಿ 144 ಮತ್ತು 165ರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಹರ್ಟ್ಜ್ ಎಷ್ಟೇ ಇರಲಿ, ಆಟವೂ ಅಷ್ಟು ಫ್ರೇಮ್ ಕೊಡಬೇಕಲ್ಲ. ಎಲ್ಡನ್ ರಿಂಗ್ ಸೆಕೆಂಡಿಗೆ 60 ಫ್ರೇಮ್‌ಗೇ ನಿಂತುಬಿಡುತ್ತದೆ, ಅದನ್ನು ಹಾಗೆಯೇ ಮಾಡಿದ್ದಾರೆ. ವಾಲರಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳನ್ನೇ ಹೆಚ್ಚಾಗಿ ಆಡುವವರಿಗೆ ಹರ್ಟ್ಜ್ ನಿಜವಾದ ಸಂಪತ್ತು. ಕಥೆಯ ಆಟಗಳಲ್ಲಿ ಮುಳುಗುವವರು ಆ ದುಡ್ಡನ್ನು ಬಣ್ಣಕ್ಕೆ ಹಾಕುವುದು ಒಳ್ಳೆಯದು.

ಈಗ ರೆಸಲ್ಯೂಷನ್. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 2560×1600ರಲ್ಲಿ 40.96 ಲಕ್ಷ. ಗ್ರಾಫಿಕ್ಸ್ ಚಿಪ್ಪಿನ ಹೊರೆ ಹತ್ತಿರ ಹತ್ತಿರ ದುಪ್ಪಟ್ಟು. 3060ಕ್ಕೆ ಇದು ಭಾರವಲ್ಲವೇ ಎಂದು ಕೊಳ್ಳುವಾಗ ಹಲವರು ಕೇಳಿದ್ದರು. ಹೊಸ ದೊಡ್ಡ ಆಟಗಳಲ್ಲಿ ಭಾರವೇ. ಆದರೆ ಡಿಎಲ್‌ಎಸ್‌ಎಸ್ ಇದೆ, ಸಣ್ಣ ಚಿತ್ರವನ್ನು ಎಐ ಬಳಸಿ ಹಿಗ್ಗಿಸುವ ಎನ್‌ವಿಡಿಯಾ ತಂತ್ರ. ಅದರ ಕ್ವಾಲಿಟಿ ಮೋಡ್‌ನಲ್ಲಿ ಆಟ ಒಳಗೊಳಗೆ ಸುಮಾರು 1707×1067ರಲ್ಲಿ ತಯಾರಾಗಿ, ಆಮೇಲೆ ಪೂರ್ತಿ ಅಳತೆಗೆ ಹಿಗ್ಗುತ್ತದೆ. ಸೈಬರ್‌ಪಂಕ್ 2077 ಅನ್ನು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಭಾರಿ ಲೆಕ್ಕಾಚಾರ) ಇಲ್ಲದೆ, ಈ ಮೋಡ್‌ನಲ್ಲಿ 60ರ ಆಸುಪಾಸಿನಲ್ಲಿ ನೆಮ್ಮದಿಯಾಗಿ ಆಡಿ ಮುಗಿಸಿದ್ದೇನೆ. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ ಹೊಸ ಮಾದರಿ ನನ್ನ 3060 ಇರುವ ಹಳೆಯ 30 ಸರಣಿಗೂ ಸಿಕ್ಕಿತು. ನಾಲ್ಕು ವರ್ಷ ಹಳೆಯ ಯಂತ್ರದಲ್ಲಿ ಚಿತ್ರ ಮೊದಲಿಗಿಂತ ಚೊಕ್ಕಟವಾದದ್ದು ನೋಡಿ ಬಹಳ ಖುಷಿಪಟ್ಟೆ. ನಡುನಡುವೆ ಹೊಸ ಫ್ರೇಮ್ ಸೇರಿಸುವ ಫ್ರೇಮ್ ಜನರೇಷನ್ ಮಾತ್ರ 40 ಸರಣಿಯಿಂದ ಮುಂದಿನವುಗಳಿಗೆ.

ಇನ್ನು ಪ್ರೊಸೆಸರ್. ಆ ವರ್ಷ ಎಎಂಡಿ ಸಾಲಿನಲ್ಲಿ ಮುಖ್ಯ ಆಯ್ಕೆ ಮೂರಿತ್ತು: 6 ಕೋರ್‌ನ (ಕೋರ್ ಎಂದರೆ ಒಳಗೆ ಲೆಕ್ಕ ಮಾಡುವ ಘಟಕ) 5600ಎಚ್, 8 ಕೋರ್‌ನ 5800ಎಚ್, ಅದರ ಮೇಲೆ 5900ಎಚ್‌ಎಕ್ಸ್. ಕೊನೆಯ ಎರಡನ್ನು ಹೋಲಿಸಿ ನೋಡಿ. ಎರಡಕ್ಕೂ 8 ಕೋರ್, 16 ಥ್ರೆಡ್, 16 ಎಂಬಿ ಎಲ್3 ಕ್ಯಾಶ್. ಗರಿಷ್ಠ ವೇಗ 4.4 ಗಿಗಾಹರ್ಟ್ಜ್ ಇದ್ದದ್ದು 4.6 ಆಗುತ್ತದೆ, ಅಂದರೆ ಶೇಕಡಾ 5ಕ್ಕಿಂತ ಕಡಿಮೆ ಏರಿಕೆ. ಅದೂ ತಂಪಾಗಿದ್ದರೆ. 2560×1600ರಲ್ಲಿ ಆಡುವಾಗ ಪ್ರೊಸೆಸರ್ ತನ್ನ ಕೆಲಸ ಮುಗಿಸಿ ಗ್ರಾಫಿಕ್ಸ್‌ಗಾಗಿ ಕಾಯುತ್ತಿರುತ್ತದೆ. ಮದುವೆ ಊಟದಲ್ಲಿ ಅಡುಗೆ ಎಷ್ಟು ಬೇಗ ಆದರೇನು, ಬಡಿಸುವವರು ಇಬ್ಬರೇ ಇದ್ದರೆ ಪಂಕ್ತಿ ಸಾಗುವುದು ಅವರ ಕೈವೇಗದಲ್ಲೇ.

ನಿಮ್ಮ ಈಗಿನ ಯಂತ್ರದಲ್ಲಿ ತಡೆಯುತ್ತಿರುವುದು ಯಾವುದು ಎಂದು ಪರೀಕ್ಷಿಸುವುದು ಸುಲಭ. ಆಟದ ರೆಸಲ್ಯೂಷನ್ ಕಡಿಮೆ ಮಾಡಿ. ಫ್ರೇಮ್ ಏರಿದರೆ ಗ್ರಾಫಿಕ್ಸ್ ಸಾಲುತ್ತಿಲ್ಲ. ಫ್ರೇಮ್‌ಗೆ ಮಿತಿ ಹಾಕಿರದ ಆಟದಲ್ಲಿ ಏರದಿದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. ನನ್ನಲ್ಲಿ ಎರಡನೆಯದು ಕಾಣುವುದು ವಾಲರಂಟ್‌ನಂಥ ಆಟದಲ್ಲಿ, ಅದೂ 165 ದಾಟಿದ ಮೇಲೆ. ನನಗೆ 8 ಕೋರ್ ಬೇಕಾದದ್ದು ಹಗಲಿನ ಕೆಲಸಕ್ಕೆ. ಕೋಡ್ ಕಂಪೈಲ್ ಮಾಡುವಾಗ ಎಲ್ಲ ಕೋರ್‌ಗಳೂ ದುಡಿಯುತ್ತವೆ. ಬರೀ ಆಟಕ್ಕಾದರೆ 5600ಎಚ್ ಇರುವುದನ್ನೇ ತಗೊಂಡು ಉಳಿದ ದುಡ್ಡಿನಲ್ಲಿ ರ್‍ಯಾಮ್ ಹಾಕಿಸಿ ಎನ್ನುತ್ತಿದ್ದೆ. ರ್‍ಯಾಮ್ ಎಂದಾಗ ನೆನಪಾಯಿತು, ಒಂದೇ ಕಡ್ಡಿ ಹಾಕಿ ಮಾರುವ ಲ್ಯಾಪ್‌ಟಾಪುಗಳು ಬಹಳ. ಎರಡು ಕಡ್ಡಿ ಇದ್ದಾಗ ಮಾಹಿತಿ ಹರಿಯುವ ದಾರಿಯೂ ಎರಡಾಗುತ್ತದೆ. ಪ್ರೊಸೆಸರನ್ನು ಒಂದು ಮೆಟ್ಟಿಲು ಏರಿಸುವುದಕ್ಕಿಂತ ಇದರಿಂದ ಸಿಗುವ ಲಾಭ ಎಷ್ಟೋ ಆಟಗಳಲ್ಲಿ ಹೆಚ್ಚು.

ಗ್ರಾಫಿಕ್ಸ್‌ನ ಹೆಸರಿಗಿಂತ ಅದಕ್ಕೆ ಸಿಗುವ ವಾಟ್ ಮುಖ್ಯ. ಲ್ಯಾಪ್‌ಟಾಪಿನ 3060 ಕನಿಷ್ಠ 60 ವಾಟ್‌ನಿಂದ 115 ವಾಟ್‌ವರೆಗೆ ಇರಬಹುದು, ಡೈನಾಮಿಕ್ ಬೂಸ್ಟ್ (ಪ್ರೊಸೆಸರಿನ ಪಾಲಿನ ವಾಟ್ ಗ್ರಾಫಿಕ್ಸ್‌ಗೆ ಕೊಡುವ ವ್ಯವಸ್ಥೆ) ಸೇರಿದರೆ ಇನ್ನೂ 15. ನನ್ನ ಲೀಜನ್‌ನಲ್ಲಿ 130 ವಾಟ್‌ವರೆಗೆ ಹೋಗುತ್ತದೆ. ತೆಳ್ಳಗಿನ ಲ್ಯಾಪ್‌ಟಾಪಿನ 80 ವಾಟ್‌ನ 3060ಗೂ ಇದೇ ಹೆಸರು, ಕೆಲಸದಲ್ಲಿ ಅಜಗಜಾಂತರ. ಇನ್ನೊಂದು, ಮಕ್ಸ್ ಸ್ವಿಚ್. ಅದಿಲ್ಲದಿದ್ದರೆ ಎನ್‌ವಿಡಿಯಾ ಚಿಪ್ ತಯಾರಿಸಿದ ಪ್ರತಿ ಚಿತ್ರವೂ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಮೂಲಕ ಹಾದು ಸ್ಕ್ರೀನಿಗೆ ಬರಬೇಕು. ಫ್ರೇಮ್ ಎಣಿಕೆ ಹೆಚ್ಚಿದ್ದಷ್ಟೂ ಈ ಸುತ್ತುದಾರಿಯ ನಷ್ಟ ಹೆಚ್ಚು. ಲೀಜನ್‌ನಲ್ಲಿ ಹೈಬ್ರಿಡ್ ಮೋಡ್ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸ್ಕ್ರೀನ್ ನೇರವಾಗಿ ಎನ್‌ವಿಡಿಯಾಗೆ ಸೇರುತ್ತದೆ, ಜಿ-ಸಿಂಕ್ (ಸ್ಕ್ರೀನಿನ ಹರ್ಟ್ಜ್ ಆಟದ ಫ್ರೇಮ್‌ಗೆ ಹೊಂದಿಕೊಳ್ಳುವುದು) ಕೂಡ ಆಗಲೇ ಸಿಗುವುದು.

ಕಲಬುರಗಿಯ ಬೇಸಿಗೆಗೆ ಬರೋಣ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 42 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಅದು ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆ 22 ಇದ್ದದ್ದು 37 ಆದರೆ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 5800ಎಚ್‌ನ ಮಿತಿ 105 ಡಿಗ್ರಿ, ಅದರ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಸಿ ಕೋಣೆಯಲ್ಲಿ ಅಳೆದ ಅಂಕಿಗಳನ್ನು ನೋಡಿ ಉತ್ತರ ಕರ್ನಾಟಕದವರು ಪ್ರೊಸೆಸರ್ ಆರಿಸಬಾರದು ಎಂದು ನಾನು ಹೇಳುವುದು ಇದಕ್ಕೇ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಒಂದೇ ತಾಮ್ರದ ಕೊಳವೆಗಳ ಹಂಚಿಕೆ. ದೊಡ್ಡ ಪ್ರೊಸೆಸರ್ ಎಬ್ಬಿಸುವ ಬಿಸಿ ಆಟದ ಹೊತ್ತಿನಲ್ಲಿ ಗ್ರಾಫಿಕ್ಸ್‌ನ ಪಾಲನ್ನೂ ತಿನ್ನುತ್ತದೆ.

ಬೇಸಿಗೆಯಲ್ಲಿ ನಾನು ಮಾಡುವ ಉಪಾಯ ಹೇಳುತ್ತೇನೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿದರೆ ಪ್ರೊಸೆಸರಿನ ಬೂಸ್ಟ್ (ತಾನಾಗಿ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ, ವೇಗ 3.2 ಗಿಗಾಹರ್ಟ್ಜ್ ಸುತ್ತ ಉಳಿಯುತ್ತದೆ. ಬಿಸಿ ಗಮನಾರ್ಹವಾಗಿ ಇಳಿಯುತ್ತದೆ, ಫ್ಯಾನಿನ ಸದ್ದೂ ಇಳಿಯುತ್ತದೆ, ಕಥೆಯ ಆಟಗಳಲ್ಲಿ ಫ್ರೇಮ್ ನಷ್ಟ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ವೇಗದ ಶೂಟಿಂಗ್ ಆಟಗಳಿಗೆ ಮಾತ್ರ ಮತ್ತೆ 100 ಮಾಡುತ್ತೇನೆ. ಕಪ್ಪುಮಣ್ಣಿನ ಧೂಳಿನ ಊರಾದ್ದರಿಂದ ಬೇಸಿಗೆಗೆ ಮುಂಚೆ ತಳದ ಮುಚ್ಚಳ ತೆಗೆದು ಬ್ರಷ್‌ನಿಂದ ಫ್ಯಾನು ಸ್ವಚ್ಛ ಮಾಡುವುದೂ ರೂಢಿಯಾಗಿದೆ. ಹಿಂಭಾಗ ಎರಡು ಬೆರಳು ಎತ್ತರಿಸಿ ಇಟ್ಟರೆ ಅದೂ ಸಹಾಯವೇ.

ತೂಕ ಸುಮಾರು ಎರಡೂವರೆ ಕಿಲೋ, 300 ವಾಟ್‌ನ ಚಾರ್ಜರ್ ಬೇರೆ. ಮೇಜಿನ ಮೇಲಿಡುವ ಯಂತ್ರ ಎಂದೇ ಲೆಕ್ಕ. ಬ್ಯಾಟರಿ 80 ವಾಟ್-ಅವರ್. ಕರೆಂಟ್ ಹೋದಾಗ ಆಟ ನಿಲ್ಲುವುದಿಲ್ಲ, ಆದರೆ ಗ್ರಾಫಿಕ್ಸ್‌ಗೆ ಸಿಗುವ ವಾಟ್ ಇಳಿದು ಫ್ರೇಮ್ ಕುಸಿಯುತ್ತದೆ. ಯಾವ ಗೇಮಿಂಗ್ ಲ್ಯಾಪ್‌ಟಾಪಿನಲ್ಲೂ ಇದು ಹೀಗೇ. ಎಫ್‌ಎನ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಸ್ಕ್ರೀನ್ 165ರಿಂದ 60ಕ್ಕೆ ಇಳಿಯುತ್ತದೆ, ಬ್ಯಾಟರಿಯಲ್ಲಿ ಕೆಲಸ ಮಾಡುವಾಗ ಅದನ್ನು ಮರೆಯಬೇಡಿ.

ವಯಸ್ಸಾದದ್ದು ಯಾವುದು ಎಂದು ಕೇಳಿದರೆ, ಗ್ರಾಫಿಕ್ಸ್‌ನ 6 ಜಿಬಿ ಮೆಮೊರಿ. ಡೆಸ್ಕ್‌ಟಾಪಿನ 3060ರಲ್ಲಿ ಸಾಮಾನ್ಯವಾಗಿ 12 ಜಿಬಿ ಇರುವುದು ಗಮನಿಸಿ, ಹೆಸರು ಅದೇ. 2023ರಿಂದೀಚೆಗೆ ಬಂದ ಹಾಗ್ವರ್ಟ್ಸ್ ಲೆಗಸಿ, ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1ರಂಥ ಆಟಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಟ್ಟವನ್ನು ಮಧ್ಯಮಕ್ಕೆ ಇಳಿಸಲೇಬೇಕು. 5800ಎಚ್ ಸಾಲದೆ ಯಾವ ಆಟವನ್ನೂ ನಾನು ಬಿಡಬೇಕಾಗಿ ಬಂದಿಲ್ಲ. ಸ್ಕ್ರೀನ್ ಇವತ್ತಿಗೂ ಹೊಸದರಂತಿದೆ.

ಈಗ ಕೊಳ್ಳುವವರು ಪ್ರೊಸೆಸರಿನ ಅಂಕಿಗಳನ್ನು ಓದಲು ಕಲಿಯಬೇಕು. ಎಎಂಡಿಯ 7000 ಸರಣಿಯಲ್ಲಿ ಮೂರನೇ ಅಂಕಿ ಒಳಗಿನ ತಲೆಮಾರನ್ನು ಹೇಳುತ್ತದೆ. 7640ಎಚ್‌ಎಸ್‌ನ 4 ಎಂದರೆ ಜೆನ್ 4. 7535ಎಚ್‌ಎಸ್‌ನ 3 ಎಂದರೆ ಒಳಗೆ ಹಳೆಯ ಜೆನ್ 3 ಪ್ಲಸ್. 7435ಎಚ್‌ಎಸ್‌ನಲ್ಲಿ ಸ್ವಂತ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಎನ್‌ವಿಡಿಯಾ ಚಿಪ್ ಸದಾ ಎಚ್ಚರವಿರಬೇಕು, ಹಾಗಾಗಿ ಬ್ಯಾಟರಿ ಬೇಗ ಖಾಲಿ. ಇಂಟೆಲ್‌ನ ಐ5-12450ಎಚ್ ಮತ್ತು ಐ5-13420ಎಚ್ ಎರಡರಲ್ಲೂ 4 ದೊಡ್ಡ ಕೋರ್, 4 ಸಣ್ಣ ಕೋರ್. 13 ಎಂಬ ಅಂಕಿಗಾಗಿ ಹೆಚ್ಚು ಕೊಡಬೇಕಿಲ್ಲ. ಗ್ರಾಫಿಕ್ಸ್‌ನಲ್ಲಿ ಲ್ಯಾಪ್‌ಟಾಪಿನ 5060, 5070 ಎರಡಕ್ಕೂ 8 ಜಿಬಿಯೇ. 12 ಜಿಬಿ ಬೇಕಾದರೆ 5070 ಟಿಐಗೆ ಹೋಗಬೇಕು.

ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಸ್ಕ್ರೀನ್‌ನಲ್ಲಿ ಕಪ್ಪು ನಿಜವಾದ ಕಪ್ಪು, ಪಿಕ್ಸೆಲ್ ಬದಲಾಗುವ ವೇಗವೂ ನನ್ನದರಂಥ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ) ಸ್ಕ್ರೀನಿಗಿಂತ ಬಹಳ ಹೆಚ್ಚು. ಆಟವೇ ಮುಖ್ಯವಾದರೆ ನಿಸ್ಸಂಕೋಚವಾಗಿ ತಗೊಳ್ಳಿ. ನನ್ನಂತೆ ಇಡೀ ದಿನ ಒಂದೇ ಕಿಟಕಿ, ಒಂದೇ ಟಾಸ್ಕ್‌ಬಾರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಚಿತ್ರದ ಕಲೆ ಉಳಿಯುವ ಸಾಧ್ಯತೆ ಇದೆ, ಬೆಳಕು ತಗ್ಗಿಸಿದಾಗ ಮಿನುಗುವಿಕೆ ಕೆಲವರಿಗೆ ತಲೆನೋವು ತರುತ್ತದೆ. ನಾನಾದರೆ ಒಳ್ಳೆಯ ಐಪಿಎಸ್ ಅನ್ನೇ ಮತ್ತೆ ಆರಿಸುತ್ತೇನೆ.

ನನ್ನ ಸೋದರತ್ತೆಯ ಮಗ ಕಾಲೇಜು ಸೇರುವಾಗ "ಅಣ್ಣಾ, ಯಾವುದು ತಗೊಳ್ಳಲಿ?" ಎಂದು ಕೇಳಿದ್ದ. ಅವನನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಕಳಿಸುವಾಗ ಹೇಳಿದ್ದು ಇಷ್ಟು. ಪ್ರದರ್ಶನಕ್ಕಿಟ್ಟದ್ದನ್ನು ತೆರೆಸಿ ಬಿಳಿ ಪುಟವೊಂದನ್ನು ತುಂಬು ಪರದೆಯಲ್ಲಿ ನೋಡು, ಆಮೇಲೆ ಪೂರ್ತಿ ಕಪ್ಪು ಮಾಡಿ ಅಂಚುಗಳಲ್ಲಿ ಬೆಳಕು ಸೋರುತ್ತದೆಯೇ ನೋಡು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್‌ಫರ್ಮೇಷನ್ ತೆರೆದರೆ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲಿನಲ್ಲಿ ವಾಟ್ ಬರೆದಿರುತ್ತದೆ, ಅದರ ಫೋಟೋ ಕಳಿಸು. ಅವನು ಕಳಿಸಿದ ಎರಡು ಫೋಟೋಗಳಲ್ಲಿ ಒಂದರಲ್ಲಿ ವಾಟ್ ಹೆಚ್ಚು, ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದು, ಸ್ಕ್ರೀನ್ ಪೂರ್ತಿ ಎಸ್‌ಆರ್‌ಜಿಬಿ. ಅದನ್ನೇ ತಗೋ ಎಂದೆ.