ಉಚಿತ ಸಾಫ್ಟ್‌ವೇರ್ ಎಲ್ಲಿಂದ ಇಳಿಸಿಕೊಳ್ಳಬೇಕು? ನಾನು ಹಾಕಿ ನೋಡಿದ ದಾರಿಗಳ ಹೋಲಿಕೆ

ಕಂಪ್ಯೂಟರ್‌ಗೆ ಯಾವ ಉಚಿತ ಸಾಫ್ಟ್‌ವೇರ್ ಹಾಕಬೇಕು ಅಂತ ಕೇಳುವವರು ಜಾಸ್ತಿ. ಎಲ್ಲಿಂದ ಇಳಿಸಿಕೊಳ್ಳಬೇಕು ಅಂತ ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದು. ವಿಎಲ್‌ಸಿ ಒಳ್ಳೆಯ ವಿಡಿಯೋ ಪ್ಲೇಯರ್ ಅನ್ನೋದರಲ್ಲಿ ಅನುಮಾನವಿಲ್ಲ. ಆದರೆ ಸಿಕ್ಕಸಿಕ್ಕ ಕಡೆಯಿಂದ ಇಳಿಸಿದರೆ ಅದರ ಜೊತೆ ಇನ್ನೇನು ಒಳಗೆ ಬರುತ್ತದೋ ಹೇಳೋಕಾಗಲ್ಲ. ಅದಕ್ಕೇ ವಿಂಡೋಸ್ ಹೊಸದಾಗಿ ಹಾಕಿದ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು, ಒಂದೇ ಪಟ್ಟಿಯನ್ನು ಬೇರೆ ಬೇರೆ ದಾರಿಯಲ್ಲಿ ಹಾಕಿ ನೋಡಿದೆ. ಪಟ್ಟಿ ಇದು: ಫೈರ್‌ಫಾಕ್ಸ್, ವಿಎಲ್‌ಸಿ, ಫೈಲ್ ಕುಗ್ಗಿಸುವ 7-ಜಿಪ್, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಚಿತ್ರ ತಿದ್ದುವ ಗಿಂಪ್.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ. ಹೆಸರು ಹುಡುಕೋದು, ಮೇಲೆ ಬಂದ ಡೌನ್‌ಲೋಡ್ ತಾಣಕ್ಕೆ ಹೋಗೋದು. ನಾನು ತೆರೆದ ಒಂದು ಪುಟದಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್‌ಗಳು ಮೂರಿದ್ದವು. ಮೂರೂ ಜಾಹೀರಾತು. ನಿಜವಾದ ಕೊಂಡಿ ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಒತ್ತಿದರೂ ಬಂದದ್ದು ವಿಎಲ್‌ಸಿ ಅಲ್ಲ, ಆ ತಾಣದ್ದೇ ಒಂದು ಪುಟ್ಟ ಇನ್‌ಸ್ಟಾಲರ್. ಅದು ಮೊದಲು ಒಂದು ಬ್ರೌಸರ್ ಹಾಕಲಾ ಅಂತ ಕೇಳಿತು, ಆಮೇಲೆ ಒಂದು ಆ್ಯಂಟಿವೈರಸ್. 'ಒಪ್ಪುತ್ತೇನೆ' ಅನ್ನೋ ಬಟನ್ ಎದ್ದು ಕಾಣುತ್ತಿತ್ತು. 'ಬೇಡ' ಅನ್ನೋದು ಬೂದು ಬಣ್ಣದಲ್ಲಿ, ಒತ್ತೋಕೆ ಬರಲ್ಲವೇನೋ ಅನ್ನಿಸುವ ಹಾಗಿತ್ತು. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗುವವರ ಕಂಪ್ಯೂಟರ್ ಏನಾಗಬೇಕು? ಕಂಪ್ಯೂಟರ್ ಹೊಸದಾಗಿ ಕಲಿಯುತ್ತಿರುವವರನ್ನು ನೆನೆದರೆ ನನಗೆ ಇದರ ಮೇಲೆ ನಿಜಕ್ಕೂ ಸಿಟ್ಟು ಬರುತ್ತದೆ.

ಇದೇನು ಹೊಸ ಕಥೆಯಲ್ಲ. ಸೋರ್ಸ್‌ಫೋರ್ಜ್ ಒಂದು ಕಾಲಕ್ಕೆ ಮುಕ್ತ ತಂತ್ರಾಂಶಗಳ (ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ದೊಡ್ಡ ನೆಲೆ. ಅಲ್ಲಿ ಬೇರೆ ಸಾಫ್ಟ್‌ವೇರ್‌ಗಳನ್ನು ಜೊತೆಗೆ ಸೇರಿಸಿ ಕೊಡುವ ಇನ್‌ಸ್ಟಾಲರ್‌ಗಳು ಬಂದದ್ದೂ ಒಂದು ಕಾರಣವಾಗಿ, ಗಿಂಪ್ ತಂಡ 2013ರಲ್ಲಿ ಅಲ್ಲಿಂದ ಹೊರಬಂತು. 2016ರಲ್ಲಿ ಮಾಲೀಕರು ಬದಲಾದ ಮೇಲೆ ಆ ಪದ್ಧತಿ ನಿಂತಿತು, ಅದನ್ನೂ ಹೇಳಬೇಕು.

ಎರಡನೆಯದು ತಯಾರಕರ ಸ್ವಂತ ತಾಣ. ಇಲ್ಲಿ ಸಾಮಾನ್ಯವಾಗಿ ಫೈಲ್ ಶುದ್ಧ, ಜೊತೆಗೆ ಏನೂ ಅಂಟಿಕೊಂಡು ಬರಲ್ಲ. ಕಷ್ಟ ಇರೋದು ಸರಿಯಾದ ವಿಳಾಸ ಕಂಡುಹಿಡಿಯೋದರಲ್ಲಿ. ವಿಎಲ್‌ಸಿಯ ತಾಣದ ಹೆಸರಲ್ಲಿ ವಿಎಲ್‌ಸಿ ಅಂತ ಇಲ್ಲವೇ ಇಲ್ಲ, ಅದು ವಿಡಿಯೋಲ್ಯಾನ್ ಡಾಟ್ ಆರ್ಗ್. 7-ಜಿಪ್ ವಿಳಾಸದಲ್ಲಿ ಏಳರ ನಂತರ ಒಂದು ಸಣ್ಣ ಗೆರೆ ಇದೆ. ಊಹಿಸಿ ಟೈಪ್ ಮಾಡಿದರೆ ಬೇರೆಲ್ಲೋ ಹೋಗಿ ಬೀಳಬಹುದು. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತನ್ನೂ ನಂಬೋ ಹಾಗಿಲ್ಲ. ನಾನು ವಿಕಿಪೀಡಿಯಾದಲ್ಲಿ ಆ ಸಾಫ್ಟ್‌ವೇರ್‌ನ ಪುಟ ತೆರೆದು, ಪಕ್ಕದ ಚೌಕದಲ್ಲಿರುವ ಅಧಿಕೃತ ಕೊಂಡಿಯಿಂದಲೇ ಹೋಗುತ್ತೇನೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಅನುಮತಿ ಕೇಳುವ ಕಿಟಕಿಯಲ್ಲಿ ಪ್ರಕಾಶಕರ ಹೆಸರನ್ನೂ ಓದುತ್ತೇನೆ. ವಿಎಲ್‌ಸಿಗೆ ಅಲ್ಲಿ ವಿಡಿಯೋಲ್ಯಾನ್ ಅಂತ ಇರಬೇಕು. ಒಬ್ಬಿಬ್ಬರೇ ಸೇರಿ ಮಾಡುವ ಕೆಲವು ಒಳ್ಳೆಯ ಸಾಫ್ಟ್‌ವೇರ್‌ಗಳಿಗೆ ಈ ಹೆಸರನ್ನು ತೋರಿಸುವ ಡಿಜಿಟಲ್ ಸಹಿ ಇರಲ್ಲ. ಹಾಗಾಗಿ ಹೆಸರಿಲ್ಲ ಅಂದ ಮಾತ್ರಕ್ಕೆ ಅದು ಕೆಟ್ಟದ್ದು ಅಂತಲೂ ಅಲ್ಲ.

ಅಧಿಕೃತ ತಾಣ ಅಂದರೆ ನೂರಕ್ಕೆ ನೂರು ಭದ್ರ ಅಂತಲೂ ತಿಳಿಯಬೇಡಿ. 2017ರಲ್ಲಿ ಕಂಪ್ಯೂಟರ್‌ನ ಬೇಡದ ಫೈಲ್‌ಗಳನ್ನು ತೆಗೆಯುವ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ದಾಳಿಕೋರರು ಕೇಡಿನ ಕೋಡ್ ಸೇರಿಸಿದ್ದರು. ಅದು ಹೊರಟಿದ್ದು ಕಂಪನಿಯ ಸ್ವಂತ ಸರ್ವರ್‌ನಿಂದ, ಸರಿಯಾದ ಸಹಿಯೊಂದಿಗೇ. ಸುಮಾರು 22.7 ಲಕ್ಷ ಜನರ ಕಂಪ್ಯೂಟರ್‌ಗೆ ಅದು ತಲುಪಿತ್ತು. ಇಂಥದ್ದು ಅಪರೂಪ, ಆದರೂ ಬೇಡದ ಸಾಫ್ಟ್‌ವೇರ್ ಹಾಕಿಕೊಳ್ಳದೇ ಇರೋಕೆ ಇದೊಂದು ಕಾರಣ.

ಈ ದಾರಿಯ ಇನ್ನೊಂದು ತೊಂದರೆ ಅಪ್‌ಡೇಟ್. ಫೈರ್‌ಫಾಕ್ಸ್ ತನ್ನಷ್ಟಕ್ಕೆ ತಾನೇ ಹೊಸದಾಗುತ್ತದೆ. 7-ಜಿಪ್ ಹಾಗಲ್ಲ, ನಾವೇ ನೆನಪಿಟ್ಟುಕೊಂಡು ಹೋಗಿ ತರಬೇಕು. ನೆನಪಿಟ್ಟುಕೊಳ್ಳುವವರು ಎಷ್ಟು ಜನ ಹೇಳಿ?

ಮೂರನೆಯದು ನಿನೈಟ್, ನಾಲ್ಕನೆಯದು ವಿನ್‌ಗೆಟ್. ನಿಜವಾದ ಪೈಪೋಟಿ ಇರೋದು ಇವೆರಡರ ನಡುವೆ.

ನಿನೈಟ್ ತಾಣದಲ್ಲಿ ಬೇಕಾದ ಹೆಸರುಗಳಿಗೆ ಟಿಕ್ ಹಾಕಬೇಕು. ಒಂದು ಸಣ್ಣ ಫೈಲ್ ಬರುತ್ತದೆ. ಅದನ್ನು ತೆರೆದು ಸುಮ್ನೆ ಕೂತರೆ ಸಾಕು. ತಯಾರಕರ ತಾಣಗಳಿಂದಲೇ ಹೊಸ ಆವೃತ್ತಿ ತಂದು, ಟೂಲ್‌ಬಾರ್‌ನಂಥ ಬೇಡದ್ದಕ್ಕೆಲ್ಲ ತಾನೇ 'ಬೇಡ' ಹೇಳಿ, ಎಲ್ಲವನ್ನೂ ಹಾಕಿ ಮುಗಿಸುತ್ತದೆ. ಅದೇ ಫೈಲನ್ನು ಕೆಲವು ತಿಂಗಳ ನಂತರ ಮತ್ತೆ ಓಡಿಸಿದರೆ, ಹಳೆಯದಾದವನ್ನು ಮಾತ್ರ ಹೊಸದು ಮಾಡುತ್ತದೆ. ಒಂದೂ ಪ್ರಶ್ನೆ ಕೇಳಲ್ಲ. ಮನೆಯಲ್ಲಿ ಬಳಸೋಕೆ ಉಚಿತ. ಕೊರತೆ ಒಂದೇ, ಪಟ್ಟಿ ಚಿಕ್ಕದು. ಅದರಲ್ಲಿ ಇಲ್ಲದ್ದು ಬೇಕಾದರೆ ಬೇರೆ ದಾರಿಯೇ ಗತಿ.

ವಿನ್‌ಗೆಟ್ ಮೈಕ್ರೋಸಾಫ್ಟ್‌ನದ್ದೇ, ಆದೇಶ ಬರೆದು ಸಾಫ್ಟ್‌ವೇರ್ ಹಾಕುವ ಸಾಧನ. 2020ರಲ್ಲಿ ಪ್ರಕಟವಾಗಿ, 2021ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ವಿಂಡೋಸ್ 11ರಲ್ಲಿ ಮೊದಲೇ ಇರುತ್ತದೆ. ಕಪ್ಪು ಟರ್ಮಿನಲ್ ಕಿಟಕಿ ನೋಡಿ ಹಿಂದೇಟು ಹಾಕಬೇಡಿ. ವಿನ್‌ಗೆಟ್ ಸರ್ಚ್ ಅಂತ ಬರೆದು ಪಕ್ಕದಲ್ಲಿ ಹೆಸರು ಕೊಟ್ಟರೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ತೋರಿಸುತ್ತದೆ: ಹೆಸರು, ಐಡಿ, ಆವೃತ್ತಿ. ಐಡಿಯನ್ನು ಗಮನಿಸಿ, ಒಂದೇ ತರಹದ ಹೆಸರಿನವು ಹಲವು ಬರುತ್ತವೆ. ಇನ್‌ಸ್ಟಾಲ್ ಅಂತ ಕೊಟ್ಟಾಗ ಫೈಲ್ ಇಳಿದ ತಕ್ಷಣ ಅದರ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಗುರುತು) ತಾಳೆಯಾಯಿತು ಅಂತ ಒಂದು ಸಾಲು ಬರುತ್ತದೆ. ಅಂದರೆ ಪಟ್ಟಿಯಲ್ಲಿ ದಾಖಲಾಗಿರುವ ಫೈಲೇ ನಮ್ಮ ಕೈಗೆ ಬಂದಿದೆ, ನಡುವೆ ಯಾರೂ ಬದಲಿಸಿಲ್ಲ ಅಂತ ಅರ್ಥ. ಕ್ಲಿಕ್ ಮಾಡಿ ಇಳಿಸುವಾಗ ಇದನ್ನು ನಾವ್ಯಾರೂ ಪರೀಕ್ಷಿಸೋದಿಲ್ಲ, ಅಲ್ವಾ?

ನನ್ನ ಕಂಪ್ಯೂಟರ್‌ನಲ್ಲಿ ವಿನ್‌ಗೆಟ್ ಬಿಟ್ಟು ಈಗ ಬೇರೆ ಬಳಸೋದಿಲ್ಲ. ಒಂದೇ ಆದೇಶಕ್ಕೆ ಬಹುತೇಕ ಎಲ್ಲವೂ ಅಪ್‌ಡೇಟ್ ಆಗುತ್ತವೆ. ಹಾಕಿರುವುದರ ಪಟ್ಟಿಯನ್ನು ಎಕ್ಸ್‌ಪೋರ್ಟ್ ಆದೇಶದಿಂದ ಒಂದು ಫೈಲ್‌ಗೆ ಉಳಿಸಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಇಂಪೋರ್ಟ್ ಮಾಡಬಹುದು. ಬೇರೆಯವರ ಕಂಪ್ಯೂಟರ್ ಸರಿಮಾಡಿ ಕೊಡುವಾಗ ಮಾತ್ರ ನಿನೈಟ್. ನಾನು ಹೋದ ಮೇಲೆ ಅವರೇ ಡಬಲ್ ಕ್ಲಿಕ್ ಮಾಡಿ ನಡೆಸಿಕೊಳ್ಳಬಹುದಲ್ಲ.

ಮೈಕ್ರೋಸಾಫ್ಟ್ ಸ್ಟೋರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಹಾಕೋದೂ ತೆಗೆಯೋದೂ ಸುಲಭ. ಆದರೆ ಚಿತ್ರ ಬಿಡಿಸುವ ಕ್ರಿಟಾ ಅಲ್ಲಿ ದುಡ್ಡಿಗೆ, ತನ್ನ ತಾಣದಲ್ಲಿ ಉಚಿತ. ಆ ದುಡ್ಡು ಅದನ್ನು ಕಟ್ಟುವವರಿಗೇ ಹೋಗುತ್ತದೆ, ಆಗುವವರು ಕೊಡಲಿ. ಆಗದವರು ಉಚಿತ ಆವೃತ್ತಿ ಇದೆ ಅಂತ ತಿಳಿದಿರಲಿ.

ಇದೆಲ್ಲ ಹೆಸರು ಗೊತ್ತಿದ್ದಾಗಿನ ಮಾತು. ಗೊತ್ತಿಲ್ಲದಿದ್ದಾಗ ನನಗೆ ಆಲ್ಟರ್ನೇಟಿವ್‌ಟು ತಾಣ ಉಪಯೋಗಕ್ಕೆ ಬಂದಿದೆ. ದುಡ್ಡಿನ ಸಾಫ್ಟ್‌ವೇರ್‌ನ ಹೆಸರು ಕೊಟ್ಟು, ಲೈಸೆನ್ಸ್‌ನಲ್ಲಿ ಓಪನ್ ಸೋರ್ಸ್ ಆರಿಸಿದರೆ ಬದಲಿಗಳು ಸಿಗುತ್ತವೆ. ಆ ಪಟ್ಟಿಯಿಂದ ಹೆಸರು ಮಾತ್ರ ತೆಗೆದುಕೊಂಡು, ಇಳಿಸಲು ವಿನ್‌ಗೆಟ್‌ಗೆ ಬರುತ್ತೇನೆ. ಕೊನೆಯ ಆವೃತ್ತಿ ಯಾವಾಗ ಬಂತು ಅಂತ ನೋಡುತ್ತೇನೆ. ವರ್ಷಗಟ್ಟಲೆ ಹೊಸದು ಬಂದಿಲ್ಲ ಅಂದರೆ ಬಿಡುತ್ತೇನೆ. ಪೋರ್ಟಬಲ್ ಆವೃತ್ತಿ ಇದ್ದರೆ ಮೊದಲು ಅದೇ. ಇನ್‌ಸ್ಟಾಲ್ ಬೇಕಿಲ್ಲ, ಹಿಡಿಸದಿದ್ದರೆ ಫೋಲ್ಡರ್ ಅಳಿಸಿದರಾಯಿತು.

ಇನ್ನೊಂದು ಮಾತು. ಉಚಿತ ಅಂತ ಬರೆದಿದ್ದರೂ ಕೆಲವು ಪ್ರೋಗ್ರಾಂಗಳು ಕೆಲಸವೆಲ್ಲ ಮಾಡಿಸಿ, ಸೇವ್ ಒತ್ತಿದಾಗ ದುಡ್ಡು ಕೇಳುತ್ತವೆ. ಕೆಲವು ವಿಡಿಯೋ ಮೇಲೆ ತಮ್ಮ ಮುದ್ರೆ ಒತ್ತುತ್ತವೆ. ಅದಕ್ಕೆ ದೊಡ್ಡ ಕೆಲಸಕ್ಕೆ ಕೂರುವ ಮುಂಚೆ ಒಂದು ಚಿಕ್ಕ ಫೈಲನ್ನು ತೆರೆದು, ತಿದ್ದಿ, ಸೇವ್ ಮಾಡಿ, ಇನ್ನೊಂದು ಪ್ರೋಗ್ರಾಂನಲ್ಲಿ ಅದು ತೆರೆಯುತ್ತದಾ ಅಂತ ನೋಡಿಬಿಡಿ.